ಐದು ಮಿಲಿಮೀಟರ್

ವೈಡ್‌ಬಾಖ್, 9 ಮಾರ್ಚ್ 1969

ಸೆವೆರಿನ್,

ನಾಲ್ಕು ವರ್ಷ ಮಾತು ಬಿಟ್ಟವನು ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾನೆಂದರೆ ರಾಜಿಗೆ ಬಂದಿದ್ದಾನೆ ಎಂದುಕೊಳ್ಳಬೇಡ. ನನ್ನ ಹೆಂಡತಿ ಬುರ್ಗಿಯನ್ನು ಮಣ್ಣು ಮಾಡಿದ ದಿನ ನೀನು ನನ್ನ ಕೈಯನ್ನೂ ಹಿಡಿಯದೆ ಹೊರಟುಹೋದೆ. ಎರಡೇ ತಿಂಗಳಲ್ಲಿ ಗ್ಯಾರೇಜು ಮಾರಿ ಬ್ರೇಮೆನ್‌ನ ಹಡಗುಕಟ್ಟೆ ಸೇರಿದೆ. ಅದನ್ನು ನಾನು ಮರೆತಿಲ್ಲ. ಆದರೆ ಇದು ಕಾರಿನ ವಿಷಯ, ಮತ್ತು ನನ್ನ ಪುಟ್ಟ ಗೊಗ್ಗೊ ಕಾರಿನ ಹೊಟ್ಟೆಯೊಳಗೆ ಕೈ ಹಾಕಿದವನು ಈ ಲೋಕದಲ್ಲಿ ನೀನೊಬ್ಬನೇ. ಬೇರೆ ಯಾರನ್ನು ಕೇಳಲಿ?

ಕಳೆದ ವಾರ ಬೇಕರಿಯ ಗಾಂಗೋಲ್ಫ್ ತಾನೂ ಒಂದು ಹಳೆಯ ಗೊಗ್ಗೊ ಕೊಂಡ. ನನ್ನದರ ಹಾಗೆ ಅರವತ್ತನೇ ಇಸವಿಯದು, ಇನ್ನೂರೈವತ್ತು ಸಿ.ಸಿ.ಯದೇ. ಭಾನುವಾರ ಅನ್ನಾ ಗುಡ್ಡದ ಚರ್ಚಿಗೆ ಹೊರಟವನು ಬುಡದ ಶಿಲುಬೆ ತಿರುವಿನಲ್ಲಿ ಕೆಮ್ಮಿ ನಿಂತ. ಹೆಂಡತಿ ಇಳಿದು ನಡೆದಳು, ಆಮೇಲೆ ಏರಿತು. ಅವನ ಹಿಂದೆಯೇ ನಾನು. ಪಕ್ಕದಲ್ಲಿ ಚರ್ಚಿನ ಗಂಟೆ ಹೊಡೆಯುವ ಮುದುಕ, ಹಿಂದಿನ ಸೀಟಿನಲ್ಲಿ ಇಪ್ಪತ್ತು ಬಾಟಲಿಯ ಬಿಯರ್ ಪೆಟ್ಟಿಗೆ. ಎರಡನೇ ಗೇರಿನಲ್ಲಿ ಸೀದಾ ಮೇಲೆ!

ಆ ಸಂಜೆ ಬಿಯರ್ ಮನೆಯಲ್ಲಿ ಅವನು ನನ್ನ ಮೇಜಿಗೇ ಬಂದ.

“ಲೋ ಕ್ವಿರಿನ್, ನಿನ್ನ ಗಾಡೀಲಿ ಏನೋ ಮೋಸ ಇದೆ ಕಣೋ.”

“ಮೋಸ ಇರೋದು ನಿನ್ನ ಹೊಟ್ಟೇಲಿ. ದಿನಾ ಆರು ಬ್ರೆಟ್ಸೆಲ್ ತಿಂದು ಗಾಡೀನ ಯಾಕೆ ಬೈತೀಯ?”

“ನಾನು ಕೂತೇ ಇದ್ದೆನಲ್ಲೋ, ಏರ್ತು! ಇಳಿದೋಳು ನನ್ನ ಹೆಂಡ್ತಿ. ಅವಳು ಐವತ್ತೆರಡು ಕಿಲೋ ಅಷ್ಟೆ. ನಿನ್ನದು ನಾಲ್ಕನೇ ದರ್ಜೆ ಲೈಸೆನ್ಸು. ಇನ್ನೂರೈವತ್ತರ ಮೇಲೆ ಒಂದು ಸಿ.ಸಿ. ಏರಿದ್ರೂ ಪೊಲೀಸ್ನೋರು ಒಳಗೆ ಹಾಕ್ತಾರೆ, ನೋಡ್ಕೊ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮೂವತ್ತೆಂಟು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದವನಿಗೆ ಲೆಕ್ಕ ಕೂಡದಿದ್ದರೆ ಊಟ ಇಳಿಯುವುದಿಲ್ಲ. ಆ ಗುಡ್ಡವನ್ನು ಅಳೆದವನೂ ನಾನೇ. ತಿರುವಿನ ಮೇಲೆ ನೂರು ಮೀಟರಿಗೆ ಹದಿನಾರು ಮೀಟರ್ ಏರು. ನನ್ನ ಕಾರೂ ಮೊದಲೆರಡು ವರ್ಷ ಅಲ್ಲಿ ಇಬ್ಬರನ್ನು ಎಳೆಯುತ್ತಿರಲಿಲ್ಲ. ಊರಿನಲ್ಲಿ ಗೊಗ್ಗೊ ಇದ್ದವರ ಹೆಂಡತಿಯರೆಲ್ಲರ ಹಾಗೆ ಬುರ್ಗಿಯೂ ಶಿಲುಬೆಯ ಹತ್ತಿರ ಇಳಿದು ನಡೆದು ಬರುತ್ತಿದ್ದಳು. ಅರವತ್ತೆರಡರ ಸೆಪ್ಟೆಂಬರಿನಲ್ಲಿ ನೀನು ಪಿಸ್ಟನ್ ಉಂಗುರ ಬದಲಿಸಿದೆ. ಮರುವಾರ ನಾನು ಕಾರ್ಬುರೇಟರಿನ ಜೆಟ್ ತಿದ್ದಿದೆ. ಅಲ್ಲಿಂದ ಕುದುರೆಯಂತೆ ಏರತೊಡಗಿತು. ಅದು ನನ್ನ ಕೈಚಳಕ ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನೆ ಗಾಂಗೋಲ್ಫನ ಜೆಟ್ಟನ್ನೂ ಹಾಗೆಯೇ ತಿದ್ದಿದೆ. ಏನೂ ಆಗಲಿಲ್ಲ. ಯಾಕೆ?

ಉತ್ತರ ಬರಿ. ಕಾರಿನದು ಮಾತ್ರ ಸಾಕು.

ಕ್ವಿರಿನ್ ಮೋಸರ್


ಬ್ರೇಮೆನ್, 20 ಮಾರ್ಚ್ 1969

ಕ್ವಿರಿನ್,

ಇಪ್ಪತ್ತಾರು ವರ್ಷ ಗ್ಯಾರೇಜು ನಡೆಸಿದೆ. ಗಾಡಿ ಗುಡ್ಡ ಹತ್ತುತ್ತದೆ ಎಂದು ದೂರು ತಂದ ಮೊದಲ ಗಿರಾಕಿ ನೀನು.

ಕೆಲವು ಎಂಜಿನ್ ಹುಟ್ಟಾ ಗಟ್ಟಿ ಇರುತ್ತವೆ, ಕೆಲವು ಇರುವುದಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಪೈಲ್ವಾನನಾದರೆ ಇನ್ನೊಬ್ಬನಿಗೆ ವರ್ಷವಿಡೀ ನೆಗಡಿ. ಗಾಂಗೋಲ್ಫನ ಗಾಡಿ ಎರಡನೆಯ ಜಾತಿಯದು ಎಂದುಕೊ. ಅವನ ಸೈಲೆನ್ಸರಿನಲ್ಲಿ ಮಸಿ ಕಟ್ಟಿರಬಹುದು, ಒಮ್ಮೆ ಸುಟ್ಟು ತೆಗೆಯಲು ಹೇಳು. ನಿನ್ನದು ಓಡುತ್ತಿದೆಯಲ್ಲ, ಓಡಲಿ ಬಿಡು. ಓಡುವ ಎಂಜಿನ್ನಿಗೆ ಕೈ ಹಾಕಬಾರದು ಎಂದು ನನ್ನ ಯಜಮಾನರು ಹೇಳುತ್ತಿದ್ದರು.

ಇಲ್ಲಿ ಗಾಳಿ ಜಾಸ್ತಿ, ಊಟಕ್ಕೆ ಮೂರು ಹೊತ್ತೂ ಮೀನು. ಹಡಗಿನ ಸಿಲಿಂಡರಿನೊಳಗೆ ನಾನು ನಿಂತುಕೊಂಡೇ ಉಜ್ಜುತ್ತೇನೆ. ಇಡೀ ಊರಿಗೆ ಗುಡ್ಡವೇ ಇಲ್ಲ, ಅದೊಂದು ಸುಖ.

ಕೈ ಹಿಡಿಯದೆ ಹೋದದ್ದು ಸಿಟ್ಟಿನಿಂದಲ್ಲ. ಇಷ್ಟು ಮಾತ್ರ ಬರೆಯಬಲ್ಲೆ.

ಸೆವೆರಿನ್


ವೈಡ್‌ಬಾಖ್, 6 ಏಪ್ರಿಲ್ 1969, ಈಸ್ಟರ್ ಭಾನುವಾರ

ಸೆವೆರಿನ್,

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಿನ್ನಿಂದ ಕಲಿಯಬೇಕು. ನೀನು ಹೇಳುವುದಿಲ್ಲ ಎಂದಾದ ಮೇಲೆ ನಾನೇ ಅಳೆಯಲು ಹೊರಟೆ.

ಗಾಂಗೋಲ್ಫನಿಂದ ಸಕ್ಕರೆ ಚೀಲ ಎರವಲು ತಂದೆ. ಹೆಂಗಸರನ್ನು ಕೂರಿಸಿ ಪ್ರಯೋಗ ಮಾಡುವುದು ಚೆನ್ನಾಗಿರುವುದಿಲ್ಲ, ಮೇಲಾಗಿ ಅವರು ತಮ್ಮ ತೂಕ ನಿಜ ಹೇಳುವುದಿಲ್ಲ. ಐವತ್ತು ಕಿಲೋ ಸಕ್ಕರೆ ಐವತ್ತೇ ಕಿಲೋ. ಮೊದಲು ಇಬ್ಬರೂ ಚಕ್ರಗಳನ್ನು ಅದಲು ಬದಲು ಮಾಡಿಕೊಂಡೆವು. ನನ್ನದು ಏರಿತು, ಅವನದು ನಿಂತಿತು. ಒಂದೇ ಡಬ್ಬಿಯಿಂದ ಪೆಟ್ರೋಲು, ಒಂದೇ ಅಳತೆಯ ಎಣ್ಣೆ ಹಾಕಿಕೊಂಡೆವು. ಅದೇ ಕಥೆ. ಸೈಲೆನ್ಸರ್ ಸುಟ್ಟೆವು. ಅವನ ಹಿತ್ತಲೆಲ್ಲ ಹೊಗೆಯಾಗಿ ಹೆಂಡತಿ ಒಣಹಾಕಿದ ಬಟ್ಟೆ ಮತ್ತೆ ಒಗೆಯಬೇಕಾಯಿತು. ಅವಳು ನನಗೆ ಅಂದದ್ದನ್ನು ಈಸ್ಟರ್ ದಿನ ಬರೆಯಲಾರೆ.

ಕೊನೆಗೆ ಇಡೀ ಕಾರ್ಬುರೇಟರನ್ನೇ ಬಿಚ್ಚಿ ನನ್ನದನ್ನು ಅವನಿಗೂ ಅವನದನ್ನು ನನಗೂ ಹಾಕಿದೆ. ಏಳು ವರ್ಷ ನಾನು ಕೊಚ್ಚಿಕೊಂಡ ಕಾರ್ಬುರೇಟರ್ ಅವನ ಗಾಡಿಯಲ್ಲಿ ಕೂತು, ಶಿಲುಬೆಯ ಹತ್ತಿರ ಅವನದರ ಹಾಗೆಯೇ ಕೆಮ್ಮಿ ನಿಂತಿತು. ಅವನದು ನನ್ನ ಗಾಡಿಯಲ್ಲಿ ಕೂತು ಗುಡ್ಡ ಹತ್ತಿತು.

ಇನ್ನು ಉಳಿದದ್ದು ಓಡಿಸುವ ಕೈ. ನನ್ನ ಕಾರಿನಲ್ಲಿ ಗಾಂಗೋಲ್ಫನನ್ನು ಕೂರಿಸಿ ಸಕ್ಕರೆಯ ಜೊತೆ ಕಳಿಸಿದೆ. ಮೇಲಿನಿಂದ ಹಾರ್ನ್ ಹೊಡೆದ ಪಾಪಿ.

“ಎಲ್ಲೋಯ್ತೋ ನಿನ್ನ ಕೈಚಳಕ? ನಾನೂ ಹತ್ತಿಸ್ದೆ, ನನ್ನಜ್ಜಿ ಬಂದ್ರೂ ಹತ್ತಿಸ್ತಾಳೆ!”

ನನಗೆ ಬೇಸರವಾಯಿತು. ಅರವತ್ತೆರಡನೇ ವಯಸ್ಸಿನಲ್ಲಿ ಒಬ್ಬನಿಗೆ ಹೆಮ್ಮೆ ಪಡಲು ಏನು ತಾನೇ ಇರುತ್ತದೆ? ಆದರೆ ಬೇಸರಕ್ಕಿಂತ ಕುತೂಹಲ ಜಾಸ್ತಿಯಾಗಿದೆ. ಉಳಿದಿರುವುದು ಎಂಜಿನ್ನಿನ ಹೊಟ್ಟೆಯೊಂದೇ. ಹತ್ತೊಂಬತ್ತನೇ ತಾರೀಕು ಶನಿವಾರ ಅದರ ತಲೆ ಬಿಚ್ಚುತ್ತೇನೆ.

ಕ್ವಿರಿನ್


ಅಂಚೆ ಕಾರ್ಡು. ಬ್ರೇಮೆನ್, 11 ಏಪ್ರಿಲ್ 1969

ಕ್ವಿರಿನ್, ಬಿಚ್ಚಬೇಡ. ತಲೆ ಬಿಚ್ಚಿದರೆ ಗ್ಯಾಸ್ಕೆಟ್ ಹಾಳಾಗುತ್ತದೆ, ಈಗ ಸಿಗುವುದೂ ಕಷ್ಟ. ಜೂನಿನಲ್ಲಿ ಕಾರ್ಖಾನೆಯವರು ಗೊಗ್ಗೊ ಮಾಡುವುದನ್ನೇ ನಿಲ್ಲಿಸುತ್ತಾರಂತೆ. ಹಳೆಯ ಗೆಳೆಯ ಕೇಳಿಕೊಳ್ಳುತ್ತಿದ್ದೇನೆ, ಹಾಗೇ ಬಿಡು. ಸೆವೆರಿನ್.


ವೈಡ್‌ಬಾಖ್, 20 ಏಪ್ರಿಲ್ 1969

ಸೆವೆರಿನ್,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾರ್ಡು ಬರದಿದ್ದರೆ ಬಹುಶಃ ಸೋಮಾರಿತನದಿಂದ ಬಿಟ್ಟುಬಿಡುತ್ತಿದ್ದೆ.

ಬಿಚ್ಚಿದೆ. ಕೈಪಿಡಿಯಲ್ಲಿ ಸಿಲಿಂಡರಿನ ಬಾಯಿ ಐವತ್ಮೂರು ಮಿಲಿಮೀಟರ್ ಎಂದಿದೆ. ನನ್ನ ಅಳತೆಯ ಕಡ್ಡಿ ಐವತ್ತೆಂಟು ತೋರಿಸಿತು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದೆ. ಎರಡನೆಯ ಸಿಲಿಂಡರೂ ಐವತ್ತೆಂಟೇ. ಐದು ಮಿಲಿಮೀಟರ್. ಲೆಕ್ಕ ಹಾಕಿದರೆ ಸರಿಸುಮಾರು ಮುನ್ನೂರು ಸಿ.ಸಿ.

ನಾನು ಒಂದು ಗಡಿಕಲ್ಲನ್ನೂ ಅಂಗೈಯಗಲ ಆಚೀಚೆ ಇಟ್ಟವನಲ್ಲ. ಅಂಥವನನ್ನು ನೀನು ಏಳು ವರ್ಷ ಲೈಸೆನ್ಸಿಲ್ಲದೆ ಗಾಡಿ ಓಡಿಸುವ ಕಳ್ಳನನ್ನಾಗಿ ಮಾಡಿದೆ. ನಾನು ಯಾರಿಗಾದರೂ ಗುದ್ದಿದ್ದರೆ? ಅದೂ ಹೋಗಲಿ. ಬಿಯರ್ ಮನೆಯಲ್ಲಿ ನಾನು ನನ್ನ ಜೆಟ್ಟಿನ ಕಥೆ ಹೇಳುವಾಗಲೆಲ್ಲ ನೀನು ಎದುರಿಗೇ ಕೂತು ತಲೆ ತಗ್ಗಿಸಿ ಮೂಲಂಗಿ ಹೆಚ್ಚುತ್ತಿದ್ದೆ. ಒಳಗೊಳಗೇ ಎಷ್ಟು ನಕ್ಕಿರಬೇಕು!

ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ ಬೀಗ ಹಾಕಿದ್ದೇನೆ. ಎಂಜಿನ್ ಕೆಟ್ಟಿದೆ ಎಂದು ಗಾಂಗೋಲ್ಫನಿಗೆ ಸುಳ್ಳು ಹೇಳಿದ್ದೇನೆ. ಯಾಕೆ ಮಾಡಿದೆ, ಸೆವೆರಿನ್? ತಮಾಷೆಗಾದರೆ ತಮಾಷೆಗೆ ಎಂದು ಬರಿ. ಆದರೆ ಬರಿ.

ಕ್ವಿರಿನ್


ಬ್ರೇಮೆನ್, 4 ಮೇ 1969

ಕ್ವಿರಿನ್,

ಒಂದು ದಿನವೂ ನಕ್ಕಿಲ್ಲ.

ಸಿಲಿಂಡರು, ಪಿಸ್ಟನ್ನು ಮುನ್ನೂರು ಸಿ.ಸಿ. ಗಾಡಿಯವು. ಎಂಜಿನ್ನಿನ ಕೆಳಗಿನ ಪೆಟ್ಟಿಗೆಯೂ ಅದರ ಮೇಲಿನ ನಂಬರೂ ಹಳೆಯವೇ, ಹಾಗಾಗಿ ತಪಾಸಣೆಯವರಿಗೆ ಕಾಣಲಿಲ್ಲ. ಉಂಗುರ ಬದಲಿಸಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ಆ ಸುಳ್ಳು ಹೇಳಿಸಿದವಳು ಬುರ್ಗಿ.

ಅರವತ್ತೆರಡರಲ್ಲಿ ಒಂದು ಮಂಗಳವಾರ ಅವಳು ಗ್ಯಾರೇಜಿಗೆ ಬಂದಳು.

“ಸೆವೆರಿನ್, ನಮ್ಮ ಗಾಡಿ ಇಬ್ಬರನ್ನೂ ಎಳ್ಕೊಂಡು ಗುಡ್ಡ ಹತ್ತೋ ಹಾಗೆ ಮಾಡೋಕಾಗುತ್ತಾ?”

“ದೊಡ್ಡ ಸಿಲಿಂಡರ್ ಹಾಕ್ಬೇಕು. ಕ್ವಿರಿನ್ ಲೈಸೆನ್ಸಿಗೆ ಅದು ನಡೆಯಲ್ಲ, ಬುರ್ಗಿ.”

“ನಡೆಯುತ್ತಾ ಅಂತ ಕೇಳ್ಲಿಲ್ಲ ನಾನು. ಆಗುತ್ತಾ ಅಂತ ಕೇಳ್ದೆ.”

ನಾನು ಕಾರಣ ಕೇಳಿದೆ. ಆಗ ಹೇಳಿದಳು. ಆ ವಸಂತದಲ್ಲಿ, ಅಕ್ಕನ ಮನೆಗೆ ಎಂದು ಹೇಳಿ ಲಾಂಡ್ಸ್‌ಹೂಟ್‌ಗೆ ಹೋದಳಲ್ಲ, ಹೋದದ್ದು ಡಾಕ್ಟರ ಹತ್ತಿರ. ಚಿಕ್ಕಂದಿನ ಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತಂತೆ. ಮೆಟ್ಟಿಲು, ಏರು ಎರಡೂ ಕೂಡದು ಎಂದಿದ್ದರಂತೆ.

“ಶಿಲುಬೆಯಿಂದ ಮೇಲಕ್ಕೆ ನಡೆಯೋಷ್ಟರಲ್ಲಿ ಉಸಿರೆಲ್ಲ ಖರ್ಚಾಗಿರುತ್ತೆ, ಸೆವೆರಿನ್. ಚರ್ಚಿನ ಮೇಳದಲ್ಲಿ ಹಾಡೋಕೆ ಏನೂ ಉಳಿದಿರಲ್ಲ. ಬರೀ ಬಾಯಿ ಆಡಿಸ್ತೀನಿ.”

“ಕ್ವಿರಿನ್‌ಗೆ ಹೇಳಮ್ಮ.”

“ಹೇಳಿದ್ರೆ ಗುಡ್ಡ ಬಿಡಿಸ್ತಾನೆ, ಹಾಡು ಬಿಡಿಸ್ತಾನೆ. ದಿನಾ ಬೆಳಿಗ್ಗೆ ನನ್ನ ನಾಡಿ ಹಿಡಿದು ಪುಸ್ತಕದಲ್ಲಿ ಬರೆದಿಡ್ತಾನೆ. ಅವನು ನಿನಗೆ ಗೊತ್ತಿಲ್ವಾ?”

ಗೊತ್ತಿತ್ತು. ಅದಕ್ಕೇ ಮಾಡಿದೆ. ನಿನಗೆ ಹೇಳುವುದಿಲ್ಲ ಎಂದು ಅವಳ ಕೈ ಮುಟ್ಟಿ ಮಾತು ಕೊಟ್ಟೆ. ಅರವತ್ತೈದರ ಫೆಬ್ರವರಿಯಲ್ಲಿ ಅವಳ ಎದೆ ಇದ್ದಕ್ಕಿದ್ದಂತೆ ನಿಂತಿತು ಎಂದು ಊರೆಲ್ಲ ಮಾತಾಡುವಾಗ, ಇದ್ದಕ್ಕಿದ್ದಂತೆ ಅಲ್ಲ ಎಂದು ತಿಳಿದಿದ್ದವನು ನಾನೊಬ್ಬನೇ. ಗೋರಿಯ ಬಳಿ ನಿನ್ನ ಕೈ ಹಿಡಿದಿದ್ದರೆ ಎಲ್ಲ ಬಾಯಿಗೆ ಬಂದುಬಿಡುತ್ತಿತ್ತು. ಅದಕ್ಕೆ ಹಿಡಿಯಲಿಲ್ಲ. ಆಮೇಲೆ ದಿನಾ ನಿನ್ನ ಮುಖ ನೋಡಲಾಗಲಿಲ್ಲ, ಊರು ಬಿಟ್ಟೆ. ಹೇಳಿದ್ದರೆ ಇನ್ನೂ ಕೆಲವು ವರ್ಷ ಬದುಕುತ್ತಿದ್ದಳೇನೋ. ಅದನ್ನು ನಾನು ಯೋಚಿಸದ ದಿನವಿಲ್ಲ.

ನಿನ್ನ ಹಳೆಯ ಐವತ್ಮೂರರ ಸಿಲಿಂಡರುಗಳು ಎಣ್ಣೆ ಕಾಗದದಲ್ಲಿ ಸುತ್ತಿ ನನ್ನ ಹತ್ತಿರವೇ ಇವೆ. ಪಾರ್ಸೆಲ್ ಮಾಡುತ್ತೇನೆ. ಹಾಕಿಕೊಂಡರೆ ಗಾಡಿ ಮತ್ತೆ ಕಾನೂನಿನ ಪ್ರಕಾರ ಇರುತ್ತದೆ. ಬೈಯುವುದಿದ್ದರೆ ಈಗ ಬೈ.

ಸೆವೆರಿನ್


ವೈಡ್‌ಬಾಖ್, 15 ಜೂನ್ 1969

ಸೆವೆರಿನ್,

ಆರು ವಾರದಲ್ಲಿ ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು. ಎರಡನೆಯದರಲ್ಲಿ ಬರೀ ಅಳು, ಅದನ್ನು ಕಳಿಸಲು ನಾಚಿಕೆಯಾಯಿತು.

ಅವಳು ಗುಡ್ಡ ಹತ್ತುವಾಗ ನಾಲ್ಕು ಕಡೆ ನಿಲ್ಲುತ್ತಿದ್ದಳು. ನಾನು ಮೇಲೆ ಕಾರಿನ ಹತ್ತಿರ ಕಾಯುತ್ತ ನೋಡುತ್ತಿದ್ದೆ. ಬಗ್ಗಿ ಹೂ ಕೀಳುತ್ತಾಳೆ, ಹೂವಿನ ಹುಚ್ಚಿ ಎಂದುಕೊಳ್ಳುತ್ತಿದ್ದೆ. ಬಂದ ಮೇಲೆ “ಪೂಜೆ ಶುರುವಾಯ್ತು ಮಾರಾಯ್ತಿ, ಹೂವೇನು ಓಡಿ ಹೋಗ್ತಿತ್ತಾ?” ಎಂದು ರೇಗುತ್ತಿದ್ದೆ. ಅವಳು ನಗುತ್ತಿದ್ದಳು. ಮೊನ್ನೆ ಒಬ್ಬನೇ ನಡೆದು ಆ ಗುಡ್ಡ ಹತ್ತಿದೆ. ಅವಳು ನಿಲ್ಲುತ್ತಿದ್ದ ಎರಡನೆಯ ಜಾಗದಲ್ಲಿ ಏದುಸಿರು ಬಿಡುತ್ತ ನಿಂತಾಗ ಹೊಳೆಯಿತು. ಅವಳು ಜನವರಿಯಲ್ಲೂ ಬಗ್ಗಿ ನಿಲ್ಲುತ್ತಿದ್ದಳು. ಜನವರಿಯಲ್ಲಿ ಹೂವೆಲ್ಲಿಂದ ಬರಬೇಕು, ಸೆವೆರಿನ್? ದಾರಿಯ ಬದಿಯಲ್ಲಿ ಮೊಣಕಾಲುದ್ದ ಹಿಮ ಇರುತ್ತಿತ್ತು.

ಗುಡ್ಡದ ಏರು ನನಗೆ ಗೊತ್ತಿತ್ತು. ಅವಳಿಗೆ ಅದು ಎಷ್ಟು ಏರು ಎಂದು ಒಮ್ಮೆಯೂ ಕೇಳಲಿಲ್ಲ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಸಿಟ್ಟಿಗಿಂತ ಹೊಟ್ಟೆಕಿಚ್ಚು ಎನ್ನುವುದೇ ಸರಿ. ನನಗೆ ಹೇಳಬೇಕಾದದ್ದನ್ನು ಅವಳು ನಿನಗೆ ಹೇಳಿದಳು. ಮಾತು ಉಳಿಸಿಕೊಂಡೆಯಲ್ಲ, ಅದಕ್ಕೆ ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದು.

ಪಾರ್ಸೆಲ್ ಬಂತು, ಬಿಚ್ಚಿಲ್ಲ. ಹಳೆಯ ಸಿಲಿಂಡರ್ ಹಾಕುವುದಿಲ್ಲ. ಅವಳು ಹಾಕಿಸಿದ್ದನ್ನು ತೆಗೆಯಲು ನನಗೆ ಕೈ ಬರುವುದಿಲ್ಲ. ಅದಕ್ಕೆ ಮೂರನೇ ದರ್ಜೆಯ ಲೈಸೆನ್ಸಿಗೆ ಹೆಸರು ಕೊಟ್ಟಿದ್ದೇನೆ. ಅದು ಸಿಕ್ಕಿದ ದಿನ ತಪಾಸಣೆ ಕಚೇರಿಗೆ ಹೋಗಿ ಗಾಡಿಯ ಪತ್ರದಲ್ಲಿ ಮುನ್ನೂರು ಎಂದು ಬರೆಸುತ್ತೇನೆ. ಯಾರು ಹಾಕಿದ್ದು ಎಂದು ಕೇಳಿದರೆ ನಾನೇ ಎನ್ನುತ್ತೇನೆ. ಡ್ರೈವಿಂಗ್ ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿಗೆ ಹದಿನೆಂಟು ವರ್ಷ. ಮೊದಲ ದಿನ ನನ್ನನ್ನು ಮೇಷ್ಟ್ರು ಎಂದುಕೊಂಡು ಎದ್ದು ನಿಂತಳು. ಬಿಯರ್ ಮನೆಯಲ್ಲಂತೂ ಹಬ್ಬ. ಗಾಂಗೋಲ್ಫ್ ನನಗೆ ಸ್ಲೇಟು ಬಳಪ ತಂದುಕೊಟ್ಟ.

ಎಂಜಿನ್ನಿನ ಬಗ್ಗೆ ಇನ್ನು ಏನೂ ಕೇಳುವುದಿಲ್ಲ. ಆ ಮಂಗಳವಾರದ ಬಗ್ಗೆ ಕೇಳುತ್ತೇನೆ. ಅವಳು ಯಾವ ಕೋಟು ಹಾಕಿದ್ದಳು? ಕೂತಿದ್ದಳೋ, ನಿಂತಿದ್ದಳೋ? ಎಷ್ಟು ಹೊತ್ತು ಇದ್ದಳು? ಹೆದರಿದ್ದಳೇ? ನನಗೆ ಗೊತ್ತಿಲ್ಲದ ಬುರ್ಗಿ ಒಂದು ಅರ್ಧ ಗಂಟೆಯಷ್ಟಾದರೂ ನಿನ್ನ ಹತ್ತಿರ ಇದ್ದಾಳೆ. ಏನನ್ನೂ ಬಿಡದೆ ಬರಿ.

ಕ್ವಿರಿನ್


ಬ್ರೇಮೆನ್, 29 ಜೂನ್ 1969

ಕ್ವಿರಿನ್,

ಹಸಿರು ಉಣ್ಣೆ ಕೋಟು, ಮೊಣಕೈ ಹತ್ತಿರ ತೇಪೆ. ಕೈಯಲ್ಲಿ ಮೊಟ್ಟೆಯ ಬುಟ್ಟಿ. ಸ್ಟೂಲ್ ಒರೆಸಿ ಕೊಟ್ಟೆ, ಎಣ್ಣೆ ಆಗುತ್ತದೆ ಎಂದು ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹನ್ನೊಂದು ದಾಟಿದ ಮೇಲೆ ಬಂದವಳು ಒಂದು ತಾಸಿಗೆ ಸ್ವಲ್ಪ ಕಡಿಮೆ ಇದ್ದಳು, ಯಾಕೆಂದರೆ ಚರ್ಚಿನಲ್ಲಿ ಹನ್ನೆರಡರ ಗಂಟೆ ಹೊಡೆದಾಗ ಊಟಕ್ಕೆ ಹೊತ್ತಾಯಿತು ಎಂದು ಬೆಚ್ಚಿದಳು. ಹೆದರಿರಲಿಲ್ಲ. ಡಾಕ್ಟರ ಹಾಗೆ ಗಂಭೀರವಾಗಿ ಮಾತಾಡಿ ತೋರಿಸಿದಳು, ನನಗೂ ನಗು ಬಂತು. ಕೂಲಿ ಬೇಡ ಎಂದದ್ದಕ್ಕೆ ಹೋಗುವಾಗ ಆರು ಮೊಟ್ಟೆ ಮೇಜಿನ ಮೇಲಿಟ್ಟಳು.

ಇನ್ನೊಂದು ಮಾತು ಇದೆ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಏನನ್ನೂ ಬಿಡಬೇಡ ಎಂದಿದ್ದೀಯ. “ಗಾಡಿ ಹಾಗೆ ಹತ್ತಿದ್ರೆ ಅವನಿಗೆ ಅನುಮಾನ ಬರಲ್ವಾ?” ಎಂದು ಕೇಳಿದೆ.

“ಬರಲ್ಲ. ತಾನೇ ಏನೋ ತಿದ್ದಿದೆ ಅನ್ಕೋತಾನೆ, ಅನ್ಕೊಳ್ಳಲಿ. ಈಗ ನೋಡು, ಎಂಜಿನ್ ಬಿಸಿಯಾಗಿದೆ ಅಂತ ಪೂಜೆ ಮುಗಿಯೋವರೆಗೂ ಗಾಡಿ ಪಕ್ಕಾನೇ ನಿಂತಿರ್ತಾನೆ. ಗಾಡಿ ಸರಿಹೋದ್ರೆ ಒಂದಿನಾದ್ರೂ ಒಳಗೆ ಬಂದು ಕೂತು ನನ್ನ ಹಾಡು ಕೇಳ್ತಾನೋ ಏನೋ.”

ನಾನು ಕೆಳಗಿನ ಚರ್ಚಿನವನು, ಅನ್ನಾ ಗುಡ್ಡಕ್ಕೆ ಬಂದವನಲ್ಲ. ಆ ಎರಡೂವರೆ ವರ್ಷ ನೀನು ಒಳಗೆ ಹೋಗಿ ಕೇಳುತ್ತಿದ್ದೆ ತಾನೇ?

ಸೆವೆರಿನ್


ವೈಡ್‌ಬಾಖ್, 21 ಸೆಪ್ಟೆಂಬರ್ 1969

ಸೆವೆರಿನ್,

ಲೈಸೆನ್ಸ್ ಬಂತು, ಎರಡನೆಯ ಸಲಕ್ಕೆ. ಮೊದಲ ಸಲ ಯಾಕೆ ನಪಾಸಾದೆ ಕೇಳು. ಲಾಂಡ್ಸ್‌ಹೂಟ್ ರಸ್ತೆಯ ಏರಿನಲ್ಲಿ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಪರೀಕ್ಷಕರು, ದಪ್ಪ ಮನುಷ್ಯ. ಅವರ ಉಸಿರು ಸುಂಯ್ ಸುಂಯ್ ಎನ್ನತೊಡಗಿತು. ಮೊದಲಾಗಿದ್ದರೆ ಎಂಜಿನ್ನಿನ ಸದ್ದು ಬಿಟ್ಟು ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಈಗ ತಡೆಯಲಾಗಲಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿ ಕೇಳಿದೆ.

“ಸಾರ್, ಉಸಿರು ಕಷ್ಟ ಆಗ್ತಿದ್ಯಾ? ಎದೆ ನೋವಿದ್ಯಾ?”

“ನೆಗಡಿ ರೀ ನನಗೆ! ಇದು ನಿಲ್ಲಿಸೋ ಜಾಗಾನೇನ್ರೀ? ನಡೀರಿ ಮುಂದೆ!”

ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಕ್ಕೆ ನಪಾಸು. ಗಾಂಗೋಲ್ಫ್ ಇದನ್ನು ಕೇಳಿ ಮೇಜು ಕುಟ್ಟಿ ನಕ್ಕ. ಆಮೇಲೆ ಏನನ್ನಿಸಿತೋ, ನನ್ನ ಬಿಯರಿಗೆ ಅವನೇ ದುಡ್ಡು ಕೊಟ್ಟ. ಗಾಡಿಯ ಪತ್ರದಲ್ಲೂ ಈಗ ಮುನ್ನೂರು ಎಂದೇ ಇದೆ.

ನಿನ್ನ ಪ್ರಶ್ನೆಗೆ ಮೂರು ತಿಂಗಳು ಉತ್ತರ ಬರೆಯಲಿಲ್ಲ. ಇಲ್ಲ, ಸೆವೆರಿನ್. ಒಂದು ಭಾನುವಾರವೂ ಒಳಗೆ ಹೋಗಲಿಲ್ಲ. ಗಂಡಸರು ಅರ್ಧ ಜನ ಹೊರಗೆ ಹೊಗೆಸೊಪ್ಪು ಸೇದುತ್ತ ನಿಲ್ಲುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಗಾಡಿ ಕೆಟ್ಟದಾಗಿ ಏರುವಾಗ ಅದನ್ನು ಕಾಯುತ್ತ ನಿಲ್ಲುತ್ತಿದ್ದೆ. ಚೆನ್ನಾಗಿ ಏರತೊಡಗಿದ ಮೇಲೆ, ಅದು ಹೇಗೆ ಏರಿತು ಎಂದು ಎಲ್ಲರಿಗೂ ಹೇಳುತ್ತ ನಿಂತೆ.

ಇವತ್ತು ಹೋದೆ. ಶಿಲುಬೆ ದಾಟಿ, ಎರಡನೇ ಗೇರಿನಲ್ಲಿ, ಪಕ್ಕದ ಸೀಟು ಖಾಲಿ. ಹೊರಗೆ ನಿಂತವರು “ಬಾರೋ ಕ್ವಿರಿನ್, ಹೊಸ ಲೈಸೆನ್ಸ್ ತೋರ್ಸು” ಎಂದು ಕರೆದರು. ನಿಲ್ಲದೆ ಒಳಗೆ ಹೋಗಿ ಕೂತೆ. ಹಾಡುವವರು ಮೇಲೆ ಮಹಡಿಯಲ್ಲಿ ನಿಲ್ಲುತ್ತಾರೆ, ಕೆಳಗೆ ಕೂತವರಿಗೆ ಕಾಣುವುದಿಲ್ಲ. ಬುರ್ಗಿ ಹಾಡುತ್ತಿದ್ದ ಕೆಳದನಿಯ ಸಾಲಿನಲ್ಲಿ ಈಗ ಎಷ್ಟು ಜನ, ಅವಳ ದನಿ ಯಾವುದರ ಹಾಗಿತ್ತು, ನನಗೆ ಏನೂ ತಿಳಿಯಲಿಲ್ಲ. ಬರೀ ಕೇಳಿದೆ.

ಪೂಜೆ ಮುಗಿದು ಎಲ್ಲರೂ ಇಳಿದ ಮೇಲೆ ಮಹಡಿ ಹತ್ತಿದೆ. ಆರ್ಗನ್ ನುಡಿಸುವ ಮುದುಕಿ ಪುಸ್ತಕ ಜೋಡಿಸುತ್ತಿದ್ದಳು. ಬುರ್ಗಿ ಎಲ್ಲಿ ನಿಲ್ಲುತ್ತಿದ್ದಳು ಎಂದು ಕೇಳಿದೆ. ಗಂಡನಾದವನು ಇದನ್ನು ಕೇಳುತ್ತಾನಲ್ಲ ಎಂದು ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎಡಗಡೆಯ ಕೊನೆಯ ಜಾಗ ತೋರಿಸಿದಳು.

“ಕಿಟಕಿ ಪಕ್ಕ. ಬೇರೆ ಯಾರಿಗೂ ಬಿಟ್ಟುಕೊಡ್ತಿರಲಿಲ್ಲ.”

ಅಲ್ಲಿ ಹೋಗಿ ನಿಂತೆ. ಸಣ್ಣ ಕಿಟಕಿ. ಅಲ್ಲಿಂದ ನಾವು ಗಾಡಿ ನಿಲ್ಲಿಸಿ ಮಾತಾಡುವ ಜಾಗ ಪೂರ್ತಿ ಕಾಣುತ್ತದೆ.

ಕ್ವಿರಿನ್